ಬ್ಯಾಡಗಿ ಕಿರ್ದಿ, ಮೂರನೇ ವಾರ: ಅಕ್ಷರ ಬೇರೆ, ಅಂಕಿ ಬೇರೆ

ಬ್ಯಾಡಗಿಯಲ್ಲಿ ನಮ್ಮ ಕಾಕಾಂದು ಮೆಣಸಿನಕಾಯಿ ದಲಾಲಿ ಅಂಗಡಿ. ಅಲ್ಲಿನ ಹಳೆ ಕಿರ್ದಿಗಳನ್ನು (ದಿನದ ಲೆಕ್ಕದ ಪುಸ್ತಕಗಳನ್ನು) ಕಂಪ್ಯೂಟರಿಗೆ ಹಾಕುವ ಕೆಲಸ ಈ ವಾರ ಚೆನ್ನಾಗಿ ಮುಂದೆ ಹೋಯಿತು. ಬ್ಯಾಡಗಿ ಮೆಣಸಿನಕಾಯಿಗೆ ಜಿಐ (ಭೌಗೋಳಿಕ) ಗುರುತು ಸಿಕ್ಕಿದ್ದು 2011ರಲ್ಲಿ, ಈ ಕಿರ್ದಿಗಳು ಅದಕ್ಕಿಂತ ಹಿಂದಿನವು, ಹಾಗಾಗಿ ಒಂದು ಸಾಲೂ ತಪ್ಪಬಾರದು ಅಂತ ನನಗೆ ಆಸೆ.

ಟೈಪ್ ಮಾಡಿದ್ದು ಮನೆಯ ನಾಲ್ಕು ಜನ, ನಾಲ್ಕು ಥರ. ಒಬ್ಬರು 'ಡಬ್ಬಿ12ಚೀಲ486ಕೆಜಿ' ಅಂತ ಜಾಗ ಬಿಡದೆ ಬರೆದರೆ, ಇನ್ನೊಬ್ಬರು 'ಕಡ್ಡಿ ೧೨ಚೀಲ' ಅಂತ ಕನ್ನಡ ಅಂಕಿ ಹಾಕಿದ್ದಾರೆ. ನನಗೆ ತಳಿ (ಡಬ್ಬಿ, ಕಡ್ಡಿ), ಚೀಲ, ತೂಕ ಮೂರೂ ಬೇರೆ ಬೇರೆ ಕಾಲಮ್ಮಿಗೆ ಬರಬೇಕು.

ಮೊದಲು ಅಂಕಿ ಬಿಟ್ಟು ಉಳಿದದ್ದೆಲ್ಲ ಅಳಿಸಿ ನೋಡಿದೆ. 12 ಮತ್ತು 486 ಅಂಟಿಕೊಂಡು 12486 ಆಯಿತು. ಆಮೇಲೆ, ಒಂದು ಚಿಹ್ನೆ ಅಕ್ಷರ ಹೌದೋ ಅಲ್ಲವೋ ಅಂತ ಹೇಳುವ, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ 'ಇಸ್‌ಆಲ್ಫಾ'ದಿಂದ ಒಂದೊಂದೇ ಅಕ್ಷರ ಆರಿಸಿದೆ. 'ಡಬ್ಬಿ' ಹೋಗಿ 'ಡಬಬ' ಬಂತು, 'ಕಡ್ಡಿ' ಹೋಗಿ 'ಕಡಡ'. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಎಲ್ಲ ಲಿಪಿಗಳ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಒಂದೊಂದು ಕೋಡ್ ಕೊಡುವ ಯುನಿಕೋಡಿನಲ್ಲಿ ಗುಡಿಸು, ಕೊಂಬು, ಒತ್ತಕ್ಷರ ಕೂಡಿಸುವ ಹಲಂತ, ಅನುಸ್ವಾರ ಎಲ್ಲ 'ಗುರುತು'ಗಳ ಗುಂಪಿಗೆ ಸೇರುತ್ತವೆ, ಅಕ್ಷರಗಳ ಗುಂಪಿಗಲ್ಲ. ಇಂಗ್ಲಿಷಿನಲ್ಲಿ ಈ ತೊಂದರೆ ಬರೋದೇ ಇಲ್ಲ, ಅಲ್ವಾ? ಆದರೆ ನಮ್ಮ ಲಿಪಿಯಲ್ಲಿ ಗುಡಿಸು ಹೋದರೆ ಪದವೇ ಹೋಯಿತು.

ಹಾಗಾಗಿ ಅಕ್ಷರ ಹುಡುಕೋದನ್ನೇ ಬಿಟ್ಟೆ. ಅಂಕಿಗಳ ಗುಂಪು ಒಂದು ತುಂಡು, ಅಂಕಿ ಅಲ್ಲದ್ದು ಏನೇ ಇರಲಿ ಇನ್ನೊಂದು ತುಂಡು. ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಕಿ ಸಣ್ಣ ಡಿ ಬರೆದರೆ ಅಂಕಿ, ದೊಡ್ಡ ಡಿ ಬರೆದರೆ ಉಳಿದದ್ದು. ಸಾಲು ತಾನಾಗಿ ಡಬ್ಬಿ, 12, ಚೀಲ, 486, ಕೆಜಿ ಅಂತ ಐದು ತುಂಡಾಯಿತು. ಪೈಥಾನ್ 3ರಲ್ಲಿ ಸಣ್ಣ ಡಿ ಕನ್ನಡ ಅಂಕಿಯನ್ನೂ ಹಿಡಿಯುತ್ತದೆ, '೧೨' ಕೊಟ್ಟರೆ ಪಠ್ಯವನ್ನು ಸಂಖ್ಯೆ ಮಾಡುವ 'ಇಂಟ್' ಸುಮ್ನೆ 12 ಅಂತ ವಾಪಸ್ ಕೊಡುತ್ತದೆ. ಸೊನ್ನೆಯಿಂದ ಒಂಬತ್ತು ಅಂತ ಇಂಗ್ಲಿಷ್ ಅಂಕಿಯ ಸಾಲು ಬರೆದಿದ್ದರೆ ಅರ್ಧ ಕಿರ್ದಿ ತಪ್ಪಿಹೋಗುತ್ತಿತ್ತು.

ಮೊದಲ ಪುಟದ ಪ್ರಿಂಟ್ ಕಾಕಾಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, 'ಏನಪಾ, ಹತ್ತ ಚೀಲ ಇದ್ದದ್ದು ಒಂದ ಚೀಲ ಹೆಂಗ ಆತು?' ಅಂದರು. ಪರದೆಯ ಮೇಲೆ '೧೦' ಅಂತಲೇ ಕಾಣುತ್ತದೆ. ಒಂದೊಂದು ಅಕ್ಷರದ ಕೋಡ್ ತೆಗೆಸಿ ನೋಡಿದರೆ, ಅಲ್ಲಿರೋದು ಸೊನ್ನೆ ಅಲ್ಲ, ಅನುಸ್ವಾರ! ಎರಡೂ ನೋಡೋಕೆ ಒಂದೇ ಥರ ದುಂಡಗೆ. ಅಂಕಿಯ ಬೆನ್ನಿಗೇ ಅನುಸ್ವಾರ ಬರೋದು ಕನ್ನಡದಲ್ಲಿ ಇಲ್ಲವಾದ್ದರಿಂದ, ಅಂಕಿ ಆದಮೇಲೆ ಎಷ್ಟು ಅನುಸ್ವಾರ ಇದ್ದರೂ ಎಲ್ಲವನ್ನೂ ಸೊನ್ನೆ ಮಾಡಿದೆ. ನೂರು ಬರೆದಲ್ಲಿ ಎರಡಿರುತ್ತವೆ, ಒಂದನ್ನೇ ಬದಲಿಸಿದರೆ ಸಾಲದು.

'40½' ಅಂತ ಬರೆದ ಕಡೆ ಅರ್ಧ ಕಿಲೋ ಮಾಯವಾಗಿತ್ತು, ½ ಅನ್ನು ಸಣ್ಣ ಡಿ ಅಂಕಿ ಅಂತ ಒಪ್ಪುವುದಿಲ್ಲ. ಅದನ್ನು ಮೊದಲೇ .5 ಮಾಡಿ, ಅಂಕಿಗಳ ನಡುವಿನ ಚುಕ್ಕೆಯನ್ನೂ ಸೇರಿಸಿಕೊಂಡೆ. ಲಾರಿ ನಂಬರನ್ನು ಮಾತ್ರ ಸಂಖ್ಯೆ ಮಾಡಲಿಲ್ಲ. ಕೆಎ27 ಆದಮೇಲೆ ಬರುವ 0458, 458 ಆಗಿಬಿಟ್ಟರೆ ಅದು ಬೇರೆಯೇ ಲಾರಿ.

ಉಳಿದಿರೋದು ಅಂಕಿಯೇ ಇಲ್ಲದ ಸಾಲುಗಳು. ಕಾಕಾ ಎಷ್ಟೋ ಕಡೆ 'ಡಬ್ಬಿ ಎರಡೂವರೆ ಚೀಲ', 'ಕಡ್ಡಿ ಮುಕ್ಕಾಲು ಚೀಲ' ಅಂತ ಮಾತಿನಲ್ಲೇ ಬರೆದಿದ್ದಾರೆ. ಕಾಲು, ಅರ್ಧ, ಮುಕ್ಕಾಲು, ಒಂದೂವರೆ ಅಂತ ಒಂದು ಪಟ್ಟಿ ಮಾಡುತ್ತಿದ್ದೇನೆ, ಭಾನುವಾರ ಕಾಕಾನ ಪಕ್ಕ ಕೂತು ಮುಗಿಸಬೇಕು.