ನುಡಿಯಲ್ಲಿ ಟೈಪ್ ಮಾಡುವವರು ಕೆವಿಎಂ ಸ್ವಿಚ್ ಕೊಳ್ಳುವಾಗ

ನನ್ನ ಮೇಜಿನ ಮೇಲೆ ಎರಡು ಕಂಪ್ಯೂಟರ್ ಇವೆ. ಒಂದು ವಿಂಡೋಸ್ ಎಕ್ಸ್‌ಪಿ ಇರುವ ಹಳೇ ಡೆಸ್ಕ್‌ಟಾಪ್. ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್ 7, ಕನ್ನಡ ಟೈಪಿಂಗ್ ತಂತ್ರಾಂಶ ನುಡಿ, ನಾನು ಇಷ್ಟು ವರ್ಷ ಪುಟ ಕಟ್ಟಿದ ಪುಸ್ತಕಗಳ ಫೈಲುಗಳು ಎಲ್ಲ ಅದರಲ್ಲಿವೆ. ಇನ್ನೊಂದು ಪ್ರಕಾಶಕರು ಕೊಟ್ಟಿರುವ ಲ್ಯಾಪ್‌ಟಾಪ್. ಹೊಸ ಪುಸ್ತಕಗಳ ಕೆಲಸ ನಡೆಯುವುದು ಇದರಲ್ಲಿ, ಪುಟ ಕಟ್ಟುವ ಹೊಸ ತಂತ್ರಾಂಶ ಇನ್‌ಡಿಸೈನ್ ಮತ್ತು ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆಗಿರುವ ಅಕ್ಷರ ಸಂಕೇತ ಯೂನಿಕೋಡ್‌ನಲ್ಲಿ. ಹಳೇ ಪುಸ್ತಕ ಮರುಮುದ್ರಣಕ್ಕೆ ಬಂದರೆ ಎರಡೂ ಬೇಕು. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ. ಹಾಗಾಗಿ ಪಠ್ಯವನ್ನು ಹೊರತೆಗೆದು, ಯೂನಿಕೋಡ್‌ಗೆ ಬದಲಾಯಿಸಿ, ಆಮೇಲೆ ಹಳೇ ಪುಟದ ಜೊತೆ ಸಾಲು ಸಾಲಾಗಿ ತಾಳೆ ನೋಡಬೇಕು. ಅರ್ಕಾವತ್ತು, ಒತ್ತಕ್ಷರ ಬಂದ ಕಡೆಯೆಲ್ಲ ಕಣ್ಣು ಬಿಟ್ಟುಕೊಂಡು ಕೂರಬೇಕು. ಆ ಕಂಪ್ಯೂಟರ್, ಈ ಕಂಪ್ಯೂಟರ್ ಅಂತ ಇಡೀ ದಿನ ಓಡಾಟ.

ಎರಡು ಕೀಬೋರ್ಡ್, ಎರಡು ಮೌಸ್, ಎರಡು ಪರದೆ ಇಡುವಷ್ಟು ಜಾಗ ನನ್ನ ಕೋಣೆಯಲ್ಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಬೆರಳಿಗೆ ಒಗ್ಗಿದ ಕೀಬೋರ್ಡ್ ಒಂದೇ ಇರಬೇಕು ಅನ್ನುವುದು ನನ್ನ ಆಸೆ. ಟೈಪಿಂಗ್‌ನಲ್ಲೇ ಹೊಟ್ಟೆ ಹೊರೆಯುವವರಿಗೆ ಇದು ಅರ್ಥವಾಗುತ್ತದೆ. ಒಂದು ಕೀಬೋರ್ಡ್, ಒಂದು ಮೌಸ್, ಒಂದು ಮಾನಿಟರನ್ನು ಎರಡು ಕಂಪ್ಯೂಟರ್‌ಗಳು ಹಂಚಿಕೊಳ್ಳುವಂತೆ ಮಾಡುವ ಪೆಟ್ಟಿಗೆಯೇ ಕೆವಿಎಂ (ಕೀಬೋರ್ಡ್, ವೀಡಿಯೊ, ಮೌಸ್) ಸ್ವಿಚ್.

ಮೊದಲು ಒಂದು ಮಾತು. ಎಲ್ಲರಿಗೂ ಕೆವಿಎಂ ಬೇಕಾಗಿಲ್ಲ. ದಿನಕ್ಕೆ ಒಂದೆರಡು ಸಲ ಬದಲಾಯಿಸುವವರಿಗೆ ಬರೀ ಯುಎಸ್‌ಬಿ ಸ್ವಿಚ್ ಸಾಕು. ಎರಡು ಕಂಪ್ಯೂಟರ್‌ಗಳ ವೀಡಿಯೊ ಕೇಬಲ್‌ಗಳನ್ನೂ ನೇರವಾಗಿ ಮಾನಿಟರ್‌ಗೆ ಸಿಕ್ಕಿಸಿ. ಕೀಬೋರ್ಡ್ ಮತ್ತು ಮೌಸ್ ಮಾತ್ರ ಯುಎಸ್‌ಬಿ ಸ್ವಿಚ್‌ಗೆ ಹಾಕಿ. ಬದಲಾಯಿಸುವಾಗ ಸ್ವಿಚ್‌ನ ಗುಂಡಿ ಒಂದು ಸಲ, ಮಾನಿಟರ್‌ನ ಇನ್‌ಪುಟ್ ಗುಂಡಿ ಒಂದು ಸಲ ಒತ್ತಬೇಕು, ಅಷ್ಟೇ. ವೀಡಿಯೊ ನಡುವೆ ಯಾವ ಪೆಟ್ಟಿಗೆಯನ್ನೂ ಹಾಯದ ಕಾರಣ ಚಿತ್ರದ ಗುಣಮಟ್ಟದ ತಲೆನೋವೇ ಇರುವುದಿಲ್ಲ. ಖರ್ಚೂ ಕಡಿಮೆ. ಮನೆಯಿಂದ ಕೆಲಸ ಮಾಡುವ ನನ್ನ ತಮ್ಮನಿಗೆ ನಾನು ಹೇಳಿದ್ದು ಇದನ್ನೇ. ಬೆಳಿಗ್ಗೆ ಆಫೀಸ್ ಲ್ಯಾಪ್‌ಟಾಪ್, ಸಂಜೆ ತನ್ನ ಕಂಪ್ಯೂಟರ್. ಅವನಿಗೆ ಅಷ್ಟು ಸಾಕು.

ಪೆಟ್ಟಿಗೆಯೇ ಇಲ್ಲದೆ ತಂತ್ರಾಂಶದಿಂದಲೂ ಕೀಬೋರ್ಡ್, ಮೌಸ್ ಹಂಚಿಕೊಳ್ಳಬಹುದು. ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್‌ನಲ್ಲಿ 2023ರಿಂದ ಮೌಸ್ ವಿದೌಟ್ ಬಾರ್ಡರ್ಸ್ ಇದೆ. ಆಪಲ್‌ನವರ ಕಂಪ್ಯೂಟರ್‌ಗಳಲ್ಲಿ ಯೂನಿವರ್ಸಲ್ ಕಂಟ್ರೋಲ್ ಇದೆ. ಎರಡೂ ಚೆನ್ನಾಗಿವೆ, ಆದರೆ ನನಗೆ ಆಗುವುದಿಲ್ಲ. ಪ್ರಕಾಶಕರ ಲ್ಯಾಪ್‌ಟಾಪ್‌ನಲ್ಲಿ ನಾನು ಏನನ್ನೂ ಇನ್‌ಸ್ಟಾಲ್ ಮಾಡುವಂತಿಲ್ಲ. ಪವರ್‌ಟಾಯ್ಸ್ ಎಕ್ಸ್‌ಪಿಯಲ್ಲಿ ಓಡುವುದೂ ಇಲ್ಲ. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್‌ನಲ್ಲಿ. ಆ ಯಂತ್ರವನ್ನು ನಾನು ನೆಟ್‌ವರ್ಕ್‌ಗೆ ಸೇರಿಸುವುದೇ ಇಲ್ಲ. ಹಾಗಾಗಿ ನನಗೆ ಪೆಟ್ಟಿಗೆಯೇ ಗತಿ.

ಇನ್ನು ಅಸಲು ವಿಷಯಕ್ಕೆ ಬರುತ್ತೇನೆ. ಕೆವಿಎಂಗಳ ಬಗ್ಗೆ ಇಂಗ್ಲಿಷ್‌ನಲ್ಲಿ ಬೇಕಾದಷ್ಟು ಬರೆದಿದ್ದಾರೆ. ಆದರೆ ಕನ್ನಡ ಡಿಟಿಪಿಯವರಿಗೆ, ಅಂದರೆ ಕಂಪ್ಯೂಟರ್‌ನಲ್ಲಿ ಪುಟ ಕಟ್ಟುವವರಿಗೆ, ಮುಖ್ಯವಾದ ಒಂದು ಸಂಗತಿ ಅಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಅದು ಸ್ಕ್ರಾಲ್ ಲಾಕ್.

ನುಡಿ ಬಳಸುವವರಿಗೆ ಗೊತ್ತು, ಕನ್ನಡದಿಂದ ಇಂಗ್ಲಿಷ್‌ಗೆ, ಇಂಗ್ಲಿಷ್‌ನಿಂದ ಕನ್ನಡಕ್ಕೆ ಹೋಗುವ ಕೀ ಅದು. ಹಲವು ಕೆವಿಎಂಗಳು ಕೀಬೋರ್ಡ್‌ನಿಂದಲೇ ಕಂಪ್ಯೂಟರ್ ಬದಲಾಯಿಸಲು ಇಟ್ಟುಕೊಂಡಿರುವುದೂ ಅದೇ ಕೀ. ಎರಡು ಸಲ ಬೇಗ ಒತ್ತಿದರೆ ಸಾಕು, ಪರದೆ ಬದಲಾಗುತ್ತದೆ. ಸ್ಕ್ರಾಲ್ ಲಾಕನ್ನು ಯಾರೂ ಮುಟ್ಟುವುದಿಲ್ಲ ಅನ್ನುವ ಲೆಕ್ಕದಲ್ಲಿ ಮಾಡಿದ ಏರ್ಪಾಡು ಇದು. ಕನ್ನಡ ಟೈಪ್ ಮಾಡುವವರಿಗೆ ಆ ಲೆಕ್ಕ ಸರಿಹೊಂದುವುದಿಲ್ಲ. ವಾಕ್ಯದ ನಡುವೆ ಒಂದು ಇಂಗ್ಲಿಷ್ ಅಕ್ಷರ ಹಾಕಬೇಕು ಅಂದುಕೊಳ್ಳಿ. ಸ್ಕ್ರಾಲ್ ಲಾಕ್ ಒತ್ತುತ್ತೀರಿ, ಬೇಡ ಅನ್ನಿಸಿ ತಕ್ಷಣ ಇನ್ನೊಂದು ಸಲ ಒತ್ತುತ್ತೀರಿ. ಅಷ್ಟರಲ್ಲಿ ಪರದೆ ಇನ್ನೊಂದು ಕಂಪ್ಯೂಟರ್‌ಗೆ ಹೋಗಿರುತ್ತದೆ. ಬೆರಳು ನಿಲ್ಲುವುದಿಲ್ಲ. ಮುಂದಿನ ನಾಲ್ಕೈದು ಅಕ್ಷರಗಳು ಅಲ್ಲಿ ತೆರೆದಿದ್ದ ಬೇರೆ ಪುಟದೊಳಗೆ ಹೋಗಿ ಕೂರುತ್ತವೆ. ಕರಡು ತಿದ್ದುವವರಿಗೆ ಇದಕ್ಕಿಂತ ಅಪಾಯ ಇನ್ನೊಂದಿಲ್ಲ. ತಪ್ಪು ಎಲ್ಲಿ ಸೇರಿತು ಅನ್ನುವುದೇ ಗೊತ್ತಾಗುವುದಿಲ್ಲ.

ಹಾಗಾಗಿ ಕೊಳ್ಳುವ ಮುಂಚೆ ಕೈಪಿಡಿ ಇಳಿಸಿಕೊಂಡು ಎರಡು ವಿಷಯ ನೋಡಿ. ಕಂಪ್ಯೂಟರ್ ಬದಲಾಯಿಸುವ ಈ ಕೀಯನ್ನು, ಅಂದರೆ ಹಾಟ್‌ಕೀಯನ್ನು, ಬದಲಾಯಿಸಬಹುದೇ? ಪೂರ್ತಿ ಆಫ್ ಮಾಡಬಹುದೇ? ಬದಲಿಗೆ ಕಂಟ್ರೋಲ್ ಕೀ ಎರಡು ಸಲ ಅಂತ ಕೊಡುವವರೂ ಇದ್ದಾರೆ. ಕಾಪಿ, ಪೇಸ್ಟ್ ಮಾಡುತ್ತಲೇ ಇರುವ ನಮ್ಮಂಥವರಿಗೆ ಅದೂ ಬೇಡ ಅನ್ನಿಸುತ್ತದೆ. ನಾನು ಆರಿಸಿದ್ದು ಹಾಟ್‌ಕೀ ಆಫ್ ಮಾಡಬಲ್ಲ, ಜೊತೆಗೆ ಉದ್ದ ವೈರಿನ ತುದಿಯಲ್ಲಿ ಒಂದು ಗುಂಡಿ ಇರುವ ಪೆಟ್ಟಿಗೆ. ಗುಂಡಿಯನ್ನು ಡಬಲ್ ಸೈಡ್ ಟೇಪ್ ಹಾಕಿ ಕೀಬೋರ್ಡ್‌ನ ಎಡಕ್ಕೆ ಅಂಟಿಸಿದ್ದೇನೆ. ಪೆಟ್ಟಿಗೆ ಮತ್ತು ಕೇಬಲ್‌ಗಳೆಲ್ಲ ಮಾನಿಟರ್ ಹಿಂದೆ.

ಇನ್ನೊಂದು ಕಡೆಯಿಂದಲೂ ಇದೇ ಕೀ ಕಾಡುತ್ತದೆ. ಈಗ ಬರುವ ಹಲವು ಚಿಕ್ಕ ಕೀಬೋರ್ಡ್‌ಗಳಲ್ಲಿ ಸ್ಕ್ರಾಲ್ ಲಾಕೇ ಇರುವುದಿಲ್ಲ, ಅಲ್ವಾ? ನುಡಿಗಾಗಿ ಆ ಕೀ ಇರುವ ಕೀಬೋರ್ಡೇ ಬೇಕು.

ಕೀಬೋರ್ಡನ್ನು ಕೆವಿಎಂನ ಯಾವ ಕಿಂಡಿಗೆ ಹಾಕುತ್ತೀರಿ ಅನ್ನುವುದೂ ಮುಖ್ಯ. ಹಲವು ಪೆಟ್ಟಿಗೆಗಳಲ್ಲಿ ಕೀಬೋರ್ಡ್, ಮೌಸ್ ಅಂತ ಗುರುತು ಹಾಕಿದ ಬೇರೆ ಕಿಂಡಿಗಳಿರುತ್ತವೆ. ಅಲ್ಲಿ ಕೆವಿಎಂ ತಾನೇ ಕೀಬೋರ್ಡ್ ಅಂತ ಎರಡೂ ಕಂಪ್ಯೂಟರ್‌ಗಳನ್ನು ನಂಬಿಸುತ್ತದೆ. ಬದಲಾಯಿಸಿದ ಕ್ಷಣವೇ ಟೈಪ್ ಮಾಡಬಹುದು. ಕಂಪ್ಯೂಟರ್ ಆನ್ ಆಗುವಾಗ ಬಯೋಸ್‌ಗೆ (ವಿಂಡೋಸ್‌ಗಿಂತ ಮೊದಲು ಬರುವ ಸೆಟ್ಟಿಂಗ್‌ಗಳಿಗೆ) ಹೋಗಬೇಕಾದರೂ ತೊಂದರೆ ಇಲ್ಲ. ಉಳಿದ ಸಾಮಾನ್ಯ ಕಿಂಡಿಗಳು ಬದಲಾಯಿಸಿದಾಗಲೆಲ್ಲ ಕೇಬಲ್ ಕಿತ್ತು ಸಿಕ್ಕಿಸಿದ ಹಾಗೆ ವರ್ತಿಸುತ್ತವೆ. ಗೇಮಿಂಗ್ ಕೀಬೋರ್ಡ್, ಹೆಚ್ಚುವರಿ ಗುಂಡಿಗಳ ಮೌಸ್ ಇದ್ದವರು ಈ ಸಾಮಾನ್ಯ ಕಿಂಡಿಗೇ ಹಾಕಬೇಕಾಗಬಹುದು. ವಿಶೇಷ ಕೀಗಳು ಕೆಲವೊಮ್ಮೆ ಗುರುತಿನ ಕಿಂಡಿಯಲ್ಲಿ ಕೆಲಸ ಮಾಡುವುದಿಲ್ಲ. ಸಾಮಾನ್ಯ ಕಿಂಡಿಗೆ ಹಾಕಿದರೆ ಹಾಟ್‌ಕೀಯೂ ಹೋಗುತ್ತದೆ. ನುಡಿಯವರಿಗೆ ಅದು ಒಳ್ಳೆಯದೇ.

ವೀಡಿಯೊ ವಿಷಯದಲ್ಲಿ ಡಬ್ಬದ ಮೇಲಿನ ದೊಡ್ಡಕ್ಷರ ನಂಬಬೇಡಿ. ನನಗಾಗಿ ಕೆವಿಎಂ ನೋಡಲು ಹೋಗಿದ್ದ ತಮ್ಮ ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ಫೋನ್ ಮಾಡಿದ್ದ. "ಅಕ್ಕಾ, ಇದರ ಮೇಲೆ 4ಕೆ ಅಂತ ಇದೆ, ತಗೊಳ್ಳಲಾ?" ಅಂದ. "ಹಿಂದೆ ತಿರುಗಿಸಿ ನೋಡೋ, 30 ಹರ್ಟ್ಜ್ ಅಂತ ಇದೆಯಾ?" ಅಂತ ಕೇಳಿದೆ. ಇತ್ತು. 30 ಹರ್ಟ್ಜ್ ಅಂದರೆ ಪರದೆಯ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಹೊಸದಾಗುವುದು, ಎಚ್‌ಡಿಎಂಐ 1.4ರ ಕಾಲದ ಪೆಟ್ಟಿಗೆ. 4ಕೆ ಪರದೆಯಲ್ಲಿ ಮೌಸ್ ಬಾಣ ಹಿಂದೆ ಹಿಂದೆ ಎಳೆದುಕೊಂಡು ಬರುತ್ತದೆ. 4ಕೆಗೆ 60 ಹರ್ಟ್ಜ್ ಬೇಕಾದರೆ ಎಚ್‌ಡಿಎಂಐ 2.0 ಬೇಕು, ಅದರ ಸಾಮರ್ಥ್ಯ ಸೆಕೆಂಡಿಗೆ 18 ಗಿಗಾಬಿಟ್. ಇನ್ನೊಂದು ಬಗೆಯ ವೀಡಿಯೊ ಕಿಂಡಿ ಡಿಸ್‌ಪ್ಲೇಪೋರ್ಟ್ ಆದರೆ 1.2 ಸಾಕು. ಅಲ್ಲೂ ಸಣ್ಣಕ್ಷರ ಓದಿ. 60 ಹರ್ಟ್ಜ್ ಎದುರು 4:2:0 ಅಂತ ಬರೆದಿದ್ದರೆ ಬಿಟ್ಟುಬಿಡಿ. ಬಣ್ಣದ ಮಾಹಿತಿಯನ್ನು ಕಡಿಮೆ ಮಾಡಿ ಕಳಿಸುವ ವಿಧಾನ ಅದು. ಸಿನಿಮಾಕ್ಕೆ ಪರವಾಗಿಲ್ಲ. ಆದರೆ ಸಣ್ಣ ಅಕ್ಷರಗಳ, ಅದರಲ್ಲೂ ಬಣ್ಣದ ಅಕ್ಷರಗಳ ಅಂಚು ಕದಡುತ್ತದೆ. ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ಪ, ಫ ಕೂಡ ಹಾಗೇ. ಅದು ಕಾಣದಿದ್ದರೆ ಕರಡು ತಿದ್ದಿ ಏನು ಪ್ರಯೋಜನ?

ನನ್ನ ಮಾನಿಟರ್ 27 ಇಂಚಿನದು, 2560×1440. ಹಳೇ ಡೆಸ್ಕ್‌ಟಾಪ್‌ನಲ್ಲಿ ಇದ್ದದ್ದು ಹಳೇ ಅನಲಾಗ್ ವೀಡಿಯೊ ಕಿಂಡಿ ವಿಜಿಎ ಒಂದೇ. ವಿಜಿಎಯಿಂದ ಎಚ್‌ಡಿಎಂಐಗೆ ಬರೀ ಕೇಬಲ್ ಸಾಲದು, ಸಿಗ್ನಲ್ ಪರಿವರ್ತಿಸುವ ಸಾಧನ ಬೇಕು. ನಾನು ಅದರ ಬದಲು ಡಿವಿಐ ಇರುವ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. ಡಿವಿಐನ ಡಿಜಿಟಲ್ ಸಿಗ್ನಲ್ ಮತ್ತು ಎಚ್‌ಡಿಎಂಐ ಒಂದಕ್ಕೊಂದು ಹೊಂದುತ್ತವೆ, ಸಾದಾ ಕೇಬಲ್ ಸಾಕು. ಎಕ್ಸ್‌ಪಿ ಕಡೆಯಿಂದ ಬರುವುದು 1920×1080. ಅದನ್ನು ಇಡೀ ಪರದೆಗೆ ಹಿಗ್ಗಿಸಿದರೆ ಅಕ್ಷರ ಮಸುಕಾಗುತ್ತದೆ. ಮಾನಿಟರ್‌ನ ಮೆನುವಿನಲ್ಲಿ 1:1 ಅಂತ ಇದೆ, ಅದನ್ನು ಇಟ್ಟುಕೊಂಡಿದ್ದೇನೆ. ಸುತ್ತ ಕಪ್ಪು ಪಟ್ಟಿ ಬರುತ್ತದೆ. ಚಿತ್ರ ಸುಮಾರು 20 ಇಂಚಿಗೆ ಇಳಿಯುತ್ತದೆ. ಆದರೆ ಪ್ರತಿ ಒತ್ತೂ ಚೊಕ್ಕವಾಗಿ ಕಾಣುತ್ತದೆ.

ಡಬ್ಬದ ಮೇಲೆ ಹುಡುಕಬೇಕಾದ ಇನ್ನೊಂದು ಮಾತು ಇಡಿಐಡಿ ಎಮ್ಯುಲೇಷನ್. ಮಾನಿಟರ್ ತನ್ನ ಗುರುತನ್ನು, ತಾನು ಯಾವ ಯಾವ ಗಾತ್ರದ ಚಿತ್ರ ತೋರಿಸಬಲ್ಲೆ ಅನ್ನುವುದನ್ನು ಕಂಪ್ಯೂಟರ್‌ಗೆ ತಿಳಿಸುವ ಚಿಕ್ಕ ದಾಖಲೆಯೇ ಇಡಿಐಡಿ. ಮೂಲ ದಾಖಲೆ ಬರೀ 128 ಬೈಟ್. ಅಗ್ಗದ ಸ್ವಿಚ್‌ಗಳು ನೀವು ಆಚೆ ಹೋದ ಕೂಡಲೇ ಆ ಸಂಪರ್ಕ ಕಡಿದುಬಿಡುತ್ತವೆ. ಮಾನಿಟರ್ ಕಿತ್ತರು ಅಂತ ಲ್ಯಾಪ್‌ಟಾಪ್ ತಿಳಿಯುತ್ತದೆ. ತೆರೆದಿಟ್ಟ ಕಿಟಕಿಗಳನ್ನೆಲ್ಲ ತನ್ನ ಚಿಕ್ಕ ಪರದೆಗೆ ಎಳೆದು ಪೇರಿಸುತ್ತದೆ. ಮುಚ್ಚಳ ಮುಚ್ಚಿಟ್ಟಿದ್ದರಂತೂ ನಿದ್ದೆಗೇ ಹೋಗಬಹುದು. ನನ್ನ ಹಾಗೆ ಮುಚ್ಚಿಟ್ಟು ಕೆಲಸ ಮಾಡುವವರಿಗೆ ದಿನಾ ಇದೇ ಗೋಳು. ಎಮ್ಯುಲೇಷನ್ ಇರುವ ಕೆವಿಎಂ ಆ ದಾಖಲೆಯನ್ನು ನೆನಪಿಟ್ಟುಕೊಂಡು ಎರಡೂ ಕಡೆಗೆ ಕೊಡುತ್ತಲೇ ಇರುತ್ತದೆ. ಬೆಲೆ ಜಾಸ್ತಿ. ಬೇರೆ ಎಲ್ಲಿ ಉಳಿಸಿದರೂ ಇಲ್ಲಿ ಮಾತ್ರ ಉಳಿಸಬೇಡಿ. ನನ್ನದಕ್ಕೆ ಆರು ಸಾವಿರದ ಆಸುಪಾಸು ಆಯಿತು, ಅದರಲ್ಲಿ ಮುಕ್ಕಾಲು ಪಾಲು ಇದಕ್ಕೇ ಕೊಟ್ಟದ್ದು ಅಂದುಕೊಂಡಿದ್ದೇನೆ.

ಕೆವಿಎಂ ತನ್ನದೇ ಬೇರೆ ಅಡಾಪ್ಟರ್‌ನಿಂದ ಕರೆಂಟ್ ತೆಗೆದುಕೊಳ್ಳುವುದೇ ವಾಸಿ. ಯುಎಸ್‌ಬಿಯಿಂದ ಬರುವ ಕರೆಂಟ್ ಎಲ್ಲದಕ್ಕೂ ಸಾಲುವುದಿಲ್ಲ. ಆ ಅಡಾಪ್ಟರನ್ನು ಯುಪಿಎಸ್‌ಗೇ ಸಿಕ್ಕಿಸಿ. ಶಿವಮೊಗ್ಗದ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಮಾಮೂಲಿ. ಕಂಪ್ಯೂಟರ್ ಓಡುತ್ತಿದ್ದು ಕೆವಿಎಂ ಆರಿದರೆ, ಫೈಲ್ ಸೇವ್ ಮಾಡಲು ಪರದೆಯೂ ಇಲ್ಲ, ಕೀಬೋರ್ಡೂ ಇಲ್ಲ. ಕೇಬಲ್‌ಗಳು ಗಿಡ್ಡವಿದ್ದಷ್ಟೂ ಒಳ್ಳೆಯದು. ಕಂಪ್ಯೂಟರ್‌ನಿಂದ ಕೆವಿಎಂ, ಕೆವಿಎಂನಿಂದ ಮಾನಿಟರ್, ಎರಡೂ ಉದ್ದಗಳು ಕೂಡುತ್ತವೆ.

ಕೆವಿಎಂಗೆ ಏನನ್ನು ಸಿಕ್ಕಿಸಬಾರದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಪೆನ್‌ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್ ಬೇಡ. ಫೈಲ್ ಬರೆಯುತ್ತಿರುವಾಗ ಗುಂಡಿ ಒತ್ತಿದರೆ ಕಿತ್ತು ತೆಗೆದ ಹಾಗೆಯೇ. ಪ್ರಿಂಟರ್ ಕೂಡ ಬೇಡ, ಅರ್ಧ ಪುಟಕ್ಕೆ ನಿಂತೀತು. ಕೆಲವು ಹಳೇ ಡಿಟಿಪಿ ತಂತ್ರಾಂಶಗಳಿಗೆ ಡಾಂಗಲ್ (ಸಿಕ್ಕಿಸಿದರೆ ಮಾತ್ರ ತಂತ್ರಾಂಶ ಓಡುವ ಚಿಕ್ಕ ಸಾಧನ) ಇರುತ್ತದೆ, ಅದನ್ನಂತೂ ನೇರ ಕಂಪ್ಯೂಟರ್‌ಗೇ ಹಾಕಿ. ಹಾಗೇ, ಕೆವಿಎಂ ಹಂಚುವುದು ಕೀಬೋರ್ಡ್, ಪರದೆಗಳನ್ನು ಮಾತ್ರ. ಇಲ್ಲಿ ಕಾಪಿ ಮಾಡಿ ಅಲ್ಲಿ ಪೇಸ್ಟ್ ಮಾಡಲು ಬರುವುದಿಲ್ಲ. ನನ್ನ ಫೈಲುಗಳು ಈಗಲೂ ಪೆನ್‌ಡ್ರೈವ್‌ನಲ್ಲೇ ಓಡಾಡುತ್ತವೆ.

ಪೆಟ್ಟಿಗೆ ಮನೆಗೆ ಬಂದ ಮೇಲೆ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆಯೇ ಇಷ್ಟು ಮಾಡಿ. ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿ ಆಚೆ ಈಚೆ ಬದಲಾಯಿಸಿ. ಎರಡೂ ಕಂಪ್ಯೂಟರ್‌ಗಳನ್ನು ಆಫ್ ಮಾಡಿ ಆನ್ ಮಾಡಿ, ಪಾಸ್‌ವರ್ಡ್ ಕೇಳುವ ಹೊತ್ತಿಗೆ ಕೀಬೋರ್ಡ್ ಸಿದ್ಧವಿದೆಯಾ ನೋಡಿ. ನುಡಿ ತೆರೆದು, ಇಂಗ್ಲಿಷ್ ಪದಗಳು ಬೆರೆತ ಒಂದು ಪ್ಯಾರಾವನ್ನು ನಿಮ್ಮ ಮಾಮೂಲಿ ವೇಗದಲ್ಲಿ ಟೈಪ್ ಮಾಡಿ. ನಡುವೆ ಒಂದೇ ಒಂದು ಸಲ ಪರದೆ ತಾನಾಗಿ ಬದಲಾದರೂ, ಹಾಟ್‌ಕೀ ಆಫ್ ಮಾಡುವುದು ಹೇಗೆ ಅಂತ ಕೈಪಿಡಿಯಲ್ಲಿ ಹುಡುಕಿ. ಆ ಸೌಲಭ್ಯ ಇಲ್ಲದಿದ್ದರೆ ಪೆಟ್ಟಿಗೆಯನ್ನು ಅವತ್ತೇ ವಾಪಸ್ ಕಳಿಸಿ.