ನೆಟ್ಟಿನ ನಡುವಿನ ಎರಡು ಇಂಚು

ಹಲಗೆಯಂಥ ಪ್ಯಾಡಲ್‌ನಿಂದ ಪ್ಲಾಸ್ಟಿಕ್ ಚೆಂಡನ್ನು ಹೊಡೆಯುವ ಪಿಕಲ್‌ಬಾಲ್ ಆಟದಲ್ಲಿ ನೆಟ್ಟಿನ ಎತ್ತರ ಎರಡೂ ಬದಿಯ ಗೆರೆಗಳ ಮೇಲೆ 36 ಇಂಚು, ನಟ್ಟನಡುವೆ 34 ಇಂಚು ಇರಬೇಕೆಂಬುದು ನಿಯಮ. ಹೊಸಬರ ಕಣ್ಣಿಗೆ ಇದು ಯಾರೋ ಸರಿಯಾಗಿ ಕಟ್ಟದೆ ಜೋತುಬಿದ್ದ ನೆಟ್ಟಿನಂತೆ ಕಂಡೀತು. ಆಟದ ಸೊಗಸೆಲ್ಲ ಇರುವುದು ಆ ಇಳುಕಲಿನಲ್ಲೇ ಎಂಬುದು ನನಗೂ ತಡವಾಗಿಯೇ ತಿಳಿಯಿತು.

ನಾವು ಕೆಲವು ತಿಂಗಳು ಆಡಿದ್ದು ಟೆನಿಸ್ ಅಂಕಣದಲ್ಲಿ, ಅಲ್ಲಿದ್ದ ನೆಟ್ಟನ್ನೇ ನಂಬಿಕೊಂಡು. ಟೆನಿಸ್ ನೆಟ್ ನಡುವೆಯೇ 36 ಇಂಚು ಇದ್ದು, ಕಂಬಗಳ ಬಳಿ 42 ಇಂಚಿಗೆ ಏರುತ್ತದೆ. ಮುಂದೊಮ್ಮೆ ಸರಿಯಾದ ಅಳತೆಯ ಅಂಕಣಕ್ಕೆ ಹೋದಾಗ, ನಾನು ಮೆಲ್ಲನೆ ದಾಟಿಸಿದ ಪ್ರತಿಯೊಂದು ಚೆಂಡೂ ಅಗತ್ಯಕ್ಕಿಂತ ಮೇಲೆದ್ದು ಎದುರಾಳಿಯ ಎದೆಮಟ್ಟಕ್ಕೆ ಹೋಗಿ ಕೂರುತ್ತಿತ್ತು. ಅವರು ಅದನ್ನು ನಮ್ಮ ಕಾಲಬುಡಕ್ಕೇ ಬಡಿದು ಮರಳಿಸುತ್ತಿದ್ದರು.

ಚೆಂಡಿನ ಅಡ್ಡಳತೆಯೇ ಮೂರು ಇಂಚಿಗಿಂತ ತುಸು ಕಡಿಮೆ ಎಂಬುದನ್ನು ನೆನೆದರೆ ಎರಡು ಇಂಚಿನ ಬೆಲೆ ಅರ್ಥವಾಗುತ್ತದೆ. ನೆಟ್ಟಿನಿಂದ ಏಳು ಅಡಿಯವರೆಗಿನ, 'ಕಿಚನ್' ಎಂದು ಕರೆಯುವ ಜಾಗದಲ್ಲಿ ನಿಂತು ಚೆಂಡನ್ನು ನೆಲಕ್ಕೆ ತಾಗುವ ಮೊದಲೇ ಹೊಡೆಯುವಂತಿಲ್ಲವಾದ್ದರಿಂದ, ಇಬ್ಬರೂ ಆ ಗೆರೆಯ ಹಿಂದೆ ನಿಂತು ಎದುರಿನ ಕಿಚನ್ನಿಗೆ ಚೆಂಡನ್ನು ಮೃದುವಾಗಿ ಇಳಿಸುವ 'ಡಿಂಕ್' ಹೊಡೆತಕ್ಕೆ ಮೊರೆಹೋಗುತ್ತಾರೆ. ಓರೆಯಾಗಿ ಆಡಿದ ಡಿಂಕ್ ನೆಟ್ಟಿನ ತಗ್ಗಿನ ಭಾಗದ ಮೇಲೆ ಹಾದು ಹೆಚ್ಚು ದೂರ ಸಾಗುತ್ತದೆ; ಬದಿಗೆರೆಯ ಉದ್ದಕ್ಕೆ ನೇರವಾಗಿ ಆಡಿದರೆ ನೆಟ್ಟೂ ಎತ್ತರ, ಇಳಿಯಲು ಜಾಗವೂ ಕಡಿಮೆ. ನೆಟ್ ಎಲ್ಲೆಡೆ ಒಂದೇ ಎತ್ತರಕ್ಕಿದ್ದರೆ ಈ ಲೆಕ್ಕಾಚಾರದ ಅರ್ಧ ಸ್ವಾರಸ್ಯ ಹೋಗುತ್ತದೆ.

1965ರಲ್ಲಿ ಅಮೆರಿಕದ ಬೇನ್‌ಬ್ರಿಡ್ಜ್ ದ್ವೀಪದಲ್ಲಿ ಜೋಯಲ್ ಪ್ರಿಚರ್ಡ್ ಮತ್ತು ಗೆಳೆಯರು ಬ್ಯಾಡ್ಮಿಂಟನ್ ಅಂಕಣದಲ್ಲಿ ಈ ಆಟ ಶುರುಮಾಡಿದಾಗ ನೆಟ್ 60 ಇಂಚಿನಲ್ಲಿತ್ತು. ಡಾಂಬರು ನೆಲದ ಮೇಲೆ ಚೆಂಡು ಚೆನ್ನಾಗಿ ಪುಟಿಯುವುದನ್ನು ಕಂಡು ಅವರು ಅದನ್ನು 36ಕ್ಕೆ ಇಳಿಸಿದರು.

ಅಳೆಯುವಾಗ ಹಲವರು ಟೇಪನ್ನು ಕಂಬಕ್ಕೆ ಹಿಡಿಯುತ್ತಾರೆ, ಅದು ತಪ್ಪು. ಅಂಕಣದ ಅಗಲ 20 ಅಡಿ, ಕಂಬಗಳ ನಡುವಿನ ಅಂತರ 22 ಅಡಿ. 36 ಇಂಚು ಸಿಗಬೇಕಾದದ್ದು ಕಂಬದಿಂದ ಒಂದಡಿ ಒಳಗಿರುವ ಗೆರೆಯ ಮೇಲೆ. ಮೊದಲು ಬದಿಗಳನ್ನು ಸರಿಮಾಡಿಕೊಂಡು ಆಮೇಲೆ ನೆಟ್ಟನ್ನು ನಡುವೆ ಕೆಳಕ್ಕೆ ಎಳೆದು ಹಿಡಿಯುವ ನಡುಪಟ್ಟಿಯನ್ನು ಬಿಗಿಯುವುದು ಸುಲಭ. ಟೇಪಿಲ್ಲದ ದಿನ ಎರಡು ಪ್ಯಾಡಲ್‌ಗಳನ್ನು ಒಂದರ ಮೇಲೊಂದು ನಿಲ್ಲಿಸಿ ಅಳೆಯುವ ಉಪಾಯವೂ ಉಂಟು, ಆದರೆ ನನ್ನ ಪ್ಯಾಡಲ್ ಹದಿನಾರೂವರೆ ಇಂಚಿನದು, ನಡುವಿನ 34 ಇಂಚಿನ ಲೆಕ್ಕಕ್ಕೆ ಒಂದಿಂಚು ಸಾಲದು.