ಮೀಟರ್ ಎಣಿಸುವುದು ಏನನ್ನು?

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಅತ್ತಿಗೆಯವರ ಮನೆಗೆ ಈ ಬಾರಿ ಬಂದ ಕೊಳವೆ ಅನಿಲದ ಬಿಲ್ಲು ಹಿಂದಿನದಕ್ಕಿಂತ ಹೆಚ್ಚುಕಡಿಮೆ ದುಪ್ಪಟ್ಟಾಗಿತ್ತು. "ಇಬ್ಬರ ಅಡುಗೆಗೆ ಇಷ್ಟು ಬರುತ್ತೇನಪ್ಪಾ? ಸಿಲಿಂಡರೇ ವಾಸಿ ಇತ್ತು, ನೀನೇ ಒಂದಿಷ್ಟು ನೋಡು" ಎಂದು ಅವರು ಬಿಲ್ಲುಗಳ ಕಟ್ಟನ್ನೇ ನನ್ನ ಮುಂದಿಟ್ಟರು.

ದುಪ್ಪಟ್ಟಾದುದಕ್ಕೆ ಕಾರಣ ಬೇಗನೆ ಸಿಕ್ಕಿತು. ಅತ್ತಿಗೆ ಹುಬ್ಬಳ್ಳಿಯ ಮಗಳ ಮನೆಗೆ ಹೋಗಿದ್ದಾಗ ಗೇಟಿಗೆ ಬೀಗವಿದ್ದುದರಿಂದ ಹಿಂದಿನ ಬಿಲ್ಲನ್ನು ಅಂದಾಜಿನ ಮೇಲೆ ಹಾಕಿದ್ದರು. ಆ ಅಂದಾಜು ಕಡಿಮೆಯಾಗಿತ್ತು, ಉಳಿದದ್ದು ಈಗಿನ ನಿಜವಾದ ರೀಡಿಂಗಿನಲ್ಲಿ ಸೇರಿಕೊಂಡು ಬಂದಿತ್ತು. ಆದರೆ ಬಳಕೆಯ ಅಂಕಿಯ ಮುಂದಿದ್ದ 'ಎಸ್‌ಸಿಎಂ', ಅಂದರೆ ಸ್ಟ್ಯಾಂಡರ್ಡ್ ಕ್ಯೂಬಿಕ್ ಮೀಟರ್, ಎಂಬ ಅಳತೆ ನನ್ನನ್ನು ಅಲ್ಲಿಯೇ ಹಿಡಿದು ನಿಲ್ಲಿಸಿತು.

ಹಿತ್ತಲ ಗೋಡೆಯ ಮೇಲಿನ ಮೀಟರಿನ ಮುಂದೆ ನಿಂತು, ಅತ್ತಿಗೆಗೆ ಬೇಳೆ ಬೇಯಲು ಇಡುವಂತೆ ಹೇಳಿದೆ. ಕಪ್ಪು ಅಂಕಿಗಳು ಅಲುಗಲಿಲ್ಲ. ಅವು ಪೂರ್ಣ ಘನ ಮೀಟರುಗಳು. ದಶಾಂಶದ ನಂತರದ ಕೆಂಪು ಅಂಕಿಗಳಲ್ಲಿ ಕೊನೆಯದು ಮಾತ್ರ ನಿಧಾನವಾಗಿ ಉರುಳುತ್ತಿತ್ತು. ಅದು ಒಂದು ಮನೆ ಮುಂದಕ್ಕೆ ಸರಿದರೆ ಒಂದು ಲೀಟರ್ ಅನಿಲ ಒಳಗೆ ಹೋಯಿತೆಂದು ಅರ್ಥ. ಮೀಟರಿನೊಳಗಿನ ತೆಳುವಾದ ಪೊರೆಯ ಕೋಣೆಗಳು ಕುಲುಮೆಯ ತಿದಿಯಂತೆ ಒಂದಾದ ಮೇಲೊಂದು ತುಂಬಿ ಬರಿದಾಗುತ್ತವೆ, ಆ ಚಲನೆಯೇ ಹಲ್ಲುಚಕ್ರಗಳ ಮೂಲಕ ಅಂಕಿಗಳನ್ನು ತಿರುಗಿಸುತ್ತದೆ. ಅದು ಎಣಿಸುವುದು ಅನಿಲದ ತೂಕವನ್ನೂ ಅಲ್ಲ, ಶಾಖವನ್ನೂ ಅಲ್ಲ, ಅದು ತುಂಬಿದ ಜಾಗವನ್ನು ಮಾತ್ರ.

ಒಂದು ಘನ ಮೀಟರ್ ಜಾಗದಲ್ಲಿ ಎಷ್ಟು ಅನಿಲ ಹಿಡಿಯುತ್ತದೆ ಎಂಬುದಾದರೋ ಒತ್ತಡವನ್ನೂ ಉಷ್ಣತೆಯನ್ನೂ ಅವಲಂಬಿಸಿದೆ. ಎಸ್‌ಸಿಎಂ ಎಂದರೆ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಮುದ್ರಮಟ್ಟದ 1013 ಮಿಲಿಬಾರ್ ಒತ್ತಡದಲ್ಲಿ ಅಳೆದ ಘನ ಮೀಟರ್. ನಮ್ಮ ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದು, ಇಲ್ಲಿ ವಾತಾವರಣದ ಒತ್ತಡವೇ 945 ಮಿಲಿಬಾರ್ ಆಸುಪಾಸಿನಲ್ಲಿರುತ್ತದೆ. ಅದಕ್ಕೆ ಮನೆಯ ಕೊಳವೆಯ 21 ಮಿಲಿಬಾರ್ ಸೇರಿಸಿ, ಅನಿಲದ ಉಷ್ಣತೆಯನ್ನು 30 ಡಿಗ್ರಿ ಎಂದು ಹಿಡಿದು ಲೆಕ್ಕ ಹಾಕಿದರೆ, ಮೀಟರ್ ತೋರಿಸುವ ಒಂದು ಘನ ಮೀಟರ್ ಸುಮಾರು 0.9 ಎಸ್‌ಸಿಎಂ ಮಾತ್ರ ಆಗುತ್ತದೆ. ಚಿತ್ರದುರ್ಗ ಇನ್ನೂ ಎತ್ತರದಲ್ಲಿರುವುದರಿಂದ ಅಲ್ಲಿ ಅದಕ್ಕಿಂತ ತುಸು ಕಡಿಮೆ.

ಅತ್ತಿಗೆಯ ಬಿಲ್ಲಿನಲ್ಲಿ ಎರಡು ರೀಡಿಂಗುಗಳ ವ್ಯತ್ಯಾಸವನ್ನು ಹಾಗೆಯೇ ಎಸ್‌ಸಿಎಂ ಎಂದು ಬರೆದು, ದರದಿಂದ ಗುಣಿಸಿದ್ದರು. ನಡುವೆ ಘನ ಮೀಟರನ್ನು ಎಸ್‌ಸಿಎಂಗೆ ಬದಲಿಸುವ 0.9ರಂತಹ ಯಾವ ಗುಣಕವೂ ಕಾಣಲಿಲ್ಲ. ಒಂದು ಮನೆಗೆ ಇದು ಸಣ್ಣ ಮೊತ್ತವೇ ಇರಬಹುದು, ಆದರೂ ಅಳತೆಯ ವಿಷಯದಲ್ಲಿ ಗ್ರಾಹಕನಿಗೆ ಸ್ಪಷ್ಟತೆ ಸಿಗಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಸಂಜೆಯೇ ಇಬ್ಬರೂ ಕುಳಿತು ಒಂದು ಅರ್ಜಿ ಬರೆದೆವು: ಒತ್ತಡ ಮತ್ತು ಉಷ್ಣತೆಯ ತಿದ್ದುಪಡಿಯನ್ನು ಎಲ್ಲಿ, ಹೇಗೆ ಸೇರಿಸಲಾಗಿದೆ ಎಂಬುದನ್ನು ಬಿಲ್ಲಿನಲ್ಲಿಯೇ ನಮೂದಿಸಬೇಕು, ಬೀಗ ಹಾಕಿದ ಮನೆಯವರು ಮೀಟರಿನ ಫೋಟೋ ಕಳುಹಿಸಿದರೆ ಅಂದಾಜಿನ ಬದಲು ಅದನ್ನೇ ಒಪ್ಪಿಕೊಳ್ಳಬೇಕು. ಅತ್ತಿಗೆ ಸಹಿ ಹಾಕಿ, ಅಂದಿನ ರೀಡಿಂಗನ್ನು ಕೆಂಪು ಅಂಕಿಗಳ ಸಮೇತ ಅರ್ಜಿಯ ಕೆಳಗೆ ಬರೆದರು.